ಮೂರು ಗ್ಲಾಸು, ಮೂರು ರುಚಿ
ಅಮೆರಿಕದಲ್ಲಿ ಫುಟ್‌ಬಾಲ್ ಪಂದ್ಯಕ್ಕೆ ಮುನ್ನ ಕಾರಿನ ಡಿಕ್ಕಿ ತೆರೆದು, ಗೆಳೆಯರು ತಂದ ಕ್ರಾಫ್ಟ್ ಬಿಯರುಗಳನ್ನು ಹಂಚಿಕೊಂಡು ಕುಡಿಯುವ ರೂಢಿಯಿದೆ. ಬೆಂಗಳೂರಿನಲ್ಲಿ ಬೀದಿಬದಿ ಬಾಟಲಿ ತೆರೆದರೆ ಮೊದಲು ಬರುವ ಅತಿಥಿ ಪೊಲೀಸಪ್ಪ; ಹಂಚಿಕೆಯೇನಿದ್ದರೂ ಮೈಕ್ರೊಬ್ರೂವರಿಯ ಮೇಜಿನ ಸುತ್ತ. 2010–11ರ ಸುಮಾರಿಗೆ ಇಂದಿರಾನಗರದ ಟಾಯ್ಟ್, ಲ್ಯಾವೆಲ್ ರಸ್ತೆಯ ಬಿಯರ್ ಕ್ಲಬ್‌ಗಳಿಂದ ಇಲ್ಲಿ ಕ್ರಾಫ್ಟ್ ಬಿಯರಿನ ರುಚಿ ಹತ್ತಿತು. ಪುಟ್ಟ ಗ್ಲಾಸುಗಳ ಸ್ಯಾಂಪ್ಲರ್ ತರಿಸಿ ಎಲ್ಲರೂ ಗುಟುಕು ಗುಟುಕಾಗಿ ರುಚಿ ನೋಡುವುದು ವಾಡಿಕೆ. ಅದಕ್ಕೊಂದು ಸರದಿಯಿದೆ: ಮೊದಲು ಹಗುರವಾದ ಗೋಧಿ ಬಿಯರ್, ಆಮೇಲೆ ಕಹಿ ಮುಂದಾದ ಐಪಿಎ (ಇಂಡಿಯಾ ಪೇಲ್ ಏಲ್), ಕೊನೆಗೆ ಹುರಿದ ಮಾಲ್ಟಿನ ಕಪ್ಪು ಸ್ಟೌಟ್. ಇದು ತಲೆಕೆಳಗಾದರೆ ಐಪಿಎಯಲ್ಲಿನ ಹಾಪ್ಸ್ ಹೂವಿನ ಕಹಿ ನಾಲಿಗೆ ಬಿಡುವುದಿಲ್ಲ, ಗೋಧಿ ಬಿಯರ್ ಬರೀ ನೀರೆನಿಸುತ್ತದೆ. ಜರ್ಮನ್ ಶೈಲಿಯ ಹೆಫೆವೈಸನ್ ಮೂಗಿನ ಬಳಿ ತಂದರೆ ಬಾಳೆಹಣ್ಣು, ಲವಂಗದ ಘಮ. ಎರಡನ್ನೂ ಯಾರೂ ಹಾಕಿರುವುದಿಲ್ಲ, ಹುದುಗುವಾಗ ಯೀಸ್ಟ್ ಹುಟ್ಟಿಸಿದ್ದು. ನಂಚಿಕೊಳ್ಳಲು ಕಾಂಗ್ರೆಸ್ ಕಡಲೆಬೀಜ ಒಳ್ಳೆಯದೇ, ಆದರೆ ಖಾರ ಹೆಚ್ಚಾದರೆ ಐಪಿಎಯ ಕಹಿ ಅದನ್ನು ಇನ್ನಷ್ಟು ಚುರುಕಾಗಿಸುತ್ತದೆ. ಇನ್ನು ಹೋಗಿಬರಲು ವಿಜಯನಗರದ ಕಡೆಯ ಗುಂಪಿಗೆ ಕಾರು ಬೇಕಿಲ್ಲ: ನೇರಳೆ ಮಾರ್ಗದ ಮೆಟ್ರೊ ನೇರ ಇಂದಿರಾನಗರಕ್ಕೆ ಹೋಗುತ್ತದೆ, 2021ರಿಂದ ಕೆಂಗೇರಿಯವರಿಗೂ ಅದೇ ದಾರಿ. ಕೊನೆಯ ರೈಲಿನ ಹೊತ್ತು ಮಾತ್ರ ನೆನಪಿರಬೇಕು.