ಎರಡನೇ ಪುಟದಲ್ಲಿ ಕೂತವರು

ಹನ್ನೆರಡು ಜನ ಸೇರಿದ ವಿಡಿಯೋ ಮೀಟಿಂಗಿನಲ್ಲಿ ಯಾರ ಮುಖ ಎಷ್ಟು ದೊಡ್ಡದಾಗಿ ಕಾಣಬೇಕು ಅಂತ ತೀರ್ಮಾನ ಮಾಡೋರು ಯಾರು ಹೇಳಿ? ನೀವಲ್ಲ, ನಾನಲ್ಲ, ಮೀಟಿಂಗ್ ಕರೆದವರೂ ಅಲ್ಲ. ನಾವು ಏನೂ ಮುಟ್ಟದೆ ಬಿಟ್ಟರೆ ಆ ಕೆಲಸವನ್ನು ತಂತ್ರಾಂಶವೇ ವಹಿಸಿಕೊಳ್ಳುತ್ತೆ. ಯಾರ ಮೈಕಿನಿಂದ ದನಿ ಬರ್ತಿದೆಯೋ ಅವರನ್ನು ಮುಂದಕ್ಕೆ ತರೋದು, ಸುಮ್ಮನಿದ್ದವರನ್ನು ಹಿಂದಕ್ಕೆ ತಳ್ಳೋದು.. ಇಷ್ಟೇ ಅದರ ನ್ಯಾಯ. ಮೈಕ್ ಮ್ಯೂಟ್ ಮಾಡದೆ ಯಾರಾದರೂ ಮಿಕ್ಸಿ ಹಾಕಿದರೆ ಒಂದು ಕ್ಷಣ ಅವರೇ ಸಭಾಧ್ಯಕ್ಷರು :)

ಆಫೀಸಿನಲ್ಲಿ ಇದರಿಂದ ದೊಡ್ಡ ನಷ್ಟವೇನಿಲ್ಲ. ಅಲ್ಲಿ ಹೇಗೂ ಮಾತಾಡೋರು ಮೂರೇ ಜನ, ಉಳಿದವರು ಇಮೇಲ್ ನೋಡ್ತಾ ಇರ್ತಾರೆ. ನಾನು ಹೇಳಹೊರಟಿರೋದು ಮನೆ ಮಂದಿಯ ಮೀಟಿಂಗಿನ ಕಥೆ. ಈ ಸಲ ಸ್ವಲ್ಪ ಟೆಕ್ನಿಕಲ್ ಆಗುತ್ತೆ, ಓಡಿಹೋಗಬೇಡಿ.

ಮೊದಲಿಗೆ, ಮನೆಯವರ ಜೊತೆ ಮಾತಾಡೋಕೆ ಝೂಮ್ ಯಾಕೆ ಅಂತ ಅಮೆರಿಕದಲ್ಲಿರೋ ಓದುಗರು ಕೇಳಬಹುದು. ಯುಎಇಯಲ್ಲಿ ವಾಟ್ಸಾಪ್‌ನಲ್ಲಿ ಮೆಸೇಜ್ ಹೋಗುತ್ತೆ, ಫೋಟೋ ಹೋಗುತ್ತೆ, ಆದರೆ ಕರೆಗಳಿಗೆ ವರ್ಷಗಳಿಂದ ತಡೆ. ನಮ್ಮ ಕರಾಮದ ಬ್ಯಾಚುಲರ್ ಫ್ಲ್ಯಾಟುಗಳಲ್ಲಿ ಊರಿಗೆ ಮಾತಾಡೋಕೆ ಬೋಟಿಮ್ ಇಟ್ಟುಕೊಳ್ಳದವರು ಅಪರೂಪ. 2020ರ ಮಾರ್ಚ್‌ನಲ್ಲಿ ಕೊರೋನಾ ಬಂದು ಶಾಲೆ, ಆಫೀಸು ಎಲ್ಲಾ ಮನೆಗೆ ಬಂದಾಗ ಇಲ್ಲಿನ ಟೆಲಿಕಾಂ ನಿಯಂತ್ರಣ ಪ್ರಾಧಿಕಾರ ಝೂಮ್, ಮೈಕ್ರೋಸಾಫ್ಟ್ ಟೀಮ್ಸ್‌ನಂಥವಕ್ಕೆ ವಿಶೇಷವಾಗಿ ದಾರಿ ಬಿಟ್ಟಿತು. ಓದಿಗೆ, ಕೆಲಸಕ್ಕೆ ಅಂತ ತೆರೆದ ಬಾಗಿಲಲ್ಲಿ ಅಪ್ಪ, ಅಮ್ಮ, ಮಾವಂದಿರೂ ಒಳಗೆ ಬಂದರು ಅನ್ನಿ. ನಾನು ಇಲ್ಲಿಗೆ ಬಂದದ್ದು ಅದಾಗಿ ಎರಡು ವರ್ಷಕ್ಕೆ. ಅಷ್ಟರಲ್ಲಿ ನಮ್ಮ ಮನೆಯಲ್ಲಿ "ಝೂಮ್ ಮಾಡುವ" ಅನ್ನೋದು ಕ್ರಿಯಾಪದವೇ ಆಗಿಹೋಗಿತ್ತು. ಪುಕ್ಕಟೆ ಖಾತೆಯಾದ್ದರಿಂದ ನಲವತ್ತೇ ನಿಮಿಷ. ನಮ್ಮ ದೊಡ್ಡ ಮಾವ ಮಾತು ಶುರು ಮಾಡಿದರೆ ಆ ನಲವತ್ತು ನಿಮಿಷದ ಮಿತಿ ದೇವರು ಕೊಟ್ಟ ವರ ಅನ್ನಿಸೋದುಂಟು.

ಮನೆಯಲ್ಲಿ ಒಬ್ಬರು ಸಾಫ್ಟ್‌ವೇರ್ ಇಂಜಿನಿಯರ್ ಇದ್ದರೆ ಟಿವಿ ರಿಮೋಟಿನಿಂದ ಹಿಡಿದು ಆಧಾರ್ ಲಿಂಕ್ ತನಕ ಎಲ್ಲಾ ಅವರ ತಲೆಗೇ ಬರುತ್ತೆ, ಗೊತ್ತಲ್ಲ. ಹಾಗಾಗಿ ಮೀಟಿಂಗಿನ ಹೋಸ್ಟ್ ಯಾವಾಗಲೂ ನಾನೇ. ಹೋದ ತಿಂಗಳು ಸೇರಿದ್ದು ಅಮ್ಮಮ್ಮನ ವಿಷಯಕ್ಕೆ. ಅವರಿಗೆ ಎಪ್ಪತ್ತೆಂಟು. ಕುಂದಾಪುರದಿಂದ ಒಳಗೆ, ಸಿದ್ದಾಪುರದ ಹತ್ತಿರ ಒಬ್ಬರೇ ಇದ್ದಾರೆ, ಮನೆ ಹಿಂದೆ ಅಡಿಕೆ ತೋಟ. ತೋಟವನ್ನು ಗುತ್ತಿಗೆಗೆ ಕೊಟ್ಟು ಅಮ್ಮಮ್ಮನನ್ನು ಬೆಂಗಳೂರಿಗೆ ಕರೆಸಿಕೊಳ್ಳೋದು ಅಂತ ಮಾವಂದಿರ ಯೋಚನೆ. ಬೆಂಗಳೂರು, ಮುಂಬೈ, ಮೈಸೂರು, ಉಡುಪಿ, ದುಬೈ.. ಒಟ್ಟು ಒಂಬತ್ತು ಚೌಕ. ಊರಲ್ಲಿ ರಾತ್ರಿ ಒಂಬತ್ತು, ನನಗೆ ಏಳೂವರೆ. ರೂಮ್‌ಮೇಟ್‌ಗಳು ಊಟ ತರೋಕೆ ಕೆಳಗಿಳಿಯೋ ಹೊತ್ತು, ಹಾಗಾಗಿ ಮುಕ್ಕಾಲು ಗಂಟೆ ರೂಮು ನನ್ನದೇ.

ಒಂಬತ್ತರಲ್ಲಿ ಏಳು ಚೌಕ ಮೊಬೈಲು. ಮೊಬೈಲಿನಲ್ಲಿ ಒಂದು ಸಲಕ್ಕೆ ಕಾಣೋದು ಕೆಲವೇ ಮುಖ, ಉಳಿದವರನ್ನು ನೋಡಬೇಕಾದರೆ ಬೆರಳಲ್ಲಿ ಪಕ್ಕಕ್ಕೆ ಸರಿಸಬೇಕು. ಯಾರು ಸರಿಸ್ತಾರೆ? ಎಲ್ಲರ ಕಣ್ಣೆದುರು ಇದ್ದದ್ದು ಮಾತಾಡ್ತಿದ್ದ ದೊಡ್ಡ ಮಾವ, ಮಧ್ಯೆ ಮಧ್ಯೆ ಸಣ್ಣ ಮಾವ. ಅಮ್ಮಮ್ಮ ಒಂದು ಮಾತೂ ಆಡಿರಲಿಲ್ಲ, ಹಾಗಾಗಿ ಅವರು ಎಲ್ಲರ ಪರದೆಯಲ್ಲೂ ಎರಡನೇ ಪುಟದಲ್ಲಿ. ಪಕ್ಕದ ಮನೆಯ ಪಿಯುಸಿ ಹುಡುಗಿ ಫೋನನ್ನು ಅಕ್ಕಿ ಡಬ್ಬಕ್ಕೆ ಒರಗಿಸಿಟ್ಟು ಹೋಗಿದ್ದಳು. ಹಂಚಿನ ಮಾಡು, ಗೋಡೆಯ ಕ್ಯಾಲೆಂಡರ್, ಕೆಳಗೆ ಅಮ್ಮಮ್ಮನ ಅರ್ಧ ಮುಖ.

ನಾನು ಅವರನ್ನು ಪಿನ್ ಮಾಡಿಕೊಂಡಿದ್ದೆ. ಚೌಕದ ಮೇಲಿನ ಮೂರು ಚುಕ್ಕೆ ಒತ್ತಿದರೆ ಪಿನ್ ಅಂತ ಬರುತ್ತೆ, ಆಮೇಲೆ ಯಾರು ಎಷ್ಟು ಕಿರುಚಿದರೂ ಆ ಮುಖ ನಿಮ್ಮ ಪರದೆಯಿಂದ ಕದಲಲ್ಲ. ಪಿನ್ ಮಾಡಿದ್ದು ಬೇರೆಯವರಿಗೆ ತಿಳಿಯೋದೂ ಇಲ್ಲ. "ಗುತ್ತಿಗೆ" ಅನ್ನೋ ಮಾತು ಬಂದಾಗ ಅಮ್ಮಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. "ಅಮ್ಮನಿಗೂ ಒಪ್ಪಿಗೆಯೇ" ಅಂತ ಮಾವ ಹೇಳಿದಾಗ ತಲೆ ಎತ್ತಿ ಫೋನನ್ನೇ ನೋಡಿದರು. ಆಮೇಲೆ ಎದ್ದು ಹೋದರು. ಪರದೆ ಮೇಲೆ ಮಾಡು, ಕ್ಯಾಲೆಂಡರ್ ಅಷ್ಟೇ. ಮೀಟಿಂಗ್ ನಡೀತಾನೇ ಇತ್ತು! ಯಾರ ಬಗ್ಗೆ ಮೀಟಿಂಗೋ ಅವರೇ ಇಲ್ಲ ಅನ್ನೋದು ಎಂಟು ಜನರಲ್ಲಿ ಏಳು ಜನಕ್ಕೆ ಗೊತ್ತಿಲ್ಲ.

ಹೋಸ್ಟಿನ ಕೈಯಲ್ಲಿ ಇನ್ನೊಂದು ಅಸ್ತ್ರ ಇರುತ್ತೆ, ಅದರ ಹೆಸರು ಸ್ಪಾಟ್‌ಲೈಟ್. ಪಿನ್ ಮಾಡಿದರೆ ನನಗೊಬ್ಬರಿಗೇ ದೊಡ್ಡದಾಗಿ ಕಾಣೋದು, ಸ್ಪಾಟ್‌ಲೈಟ್ ಮಾಡಿದರೆ ಎಲ್ಲರಿಗೂ. ನಾನು ಆ ಖಾಲಿ ಮಾಡಿಗೇ ಸ್ಪಾಟ್‌ಲೈಟ್ ಹಾಕಿದೆ. ಒಂಬತ್ತೂ ಕಡೆ ಹಂಚು, ಕ್ಯಾಲೆಂಡರ್. ಮಾವನ ಮಾತು ಅರ್ಧಕ್ಕೆ ನಿಂತಿತು. "ಅಮ್ಮ ಎಲ್ಲಿ?" ಅಂತ ಮೊದಲು ಕೇಳಿದ್ದು ಮೈಸೂರಿನ ಚಿಕ್ಕಮ್ಮ.

ಮೂರ್ನಾಲ್ಕು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಅಮ್ಮಮ್ಮ ಬಂದು ಕೂತು, ಉಸಿರು ಬಿಟ್ಟು, "ತ್ರೀ ಫೇಸ್ ಕರೆಂಟ್ ಬಂತ್ ಕಾಣಿ, ಪಂಪ್ ಹಾಕುಕೆ ಹೋದ್ದ್. ನೀವ್ ಮಾತಾಡಿ" ಅಂದರು.

ಬೇಸಿಗೆಯಲ್ಲಿ ತೋಟಕ್ಕೆ ನೀರು ಬಿಡಬೇಕು, ಪಂಪಿಗೆ ತ್ರೀ ಫೇಸ್ ಬೇಕು, ಅದು ಬರೋದು ದಿನದಲ್ಲಿ ಕೆಲವೇ ಗಂಟೆ. ಬಂದಾಗ ಎದ್ದು ಹೋಗಲೇಬೇಕು. ದೊಡ್ಡ ಮಾವ ಸ್ವಲ್ಪ ತಡೆದು, "ಅಮ್ಮ, ನಿಂಗೆ ಹ್ಯಾಂಗೆ ಕಾಣತ್ತೆ?" ಅಂತ ಕೇಳಿದರು. ಆವತ್ತು ಅವರಿಗೆ ಯಾರಾದರೂ ಕೇಳಿದ ಮೊದಲ ಪ್ರಶ್ನೆ ಅದು. ಉತ್ತರ ಪೂರ್ತಿ ಬರೋ ಮೊದಲೇ ನಲವತ್ತು ನಿಮಿಷ ಮುಗಿದು ಎಲ್ಲರೂ ಹೊರಗೆ! ಮತ್ತೆ ಸೇರಿದೆವು ಬಿಡಿ. ಅಮ್ಮಮ್ಮ ಹೇಳಿದ್ದು ಇಷ್ಟು: ಮಳೆಗಾಲ ಶುರುವಾಗೋವರೆಗೆ ಎಲ್ಲಿಗೂ ಬರೋದಿಲ್ಲ, ಗುತ್ತಿಗೆಗೆ ಕೊಡೋದೇ ಆದರೆ ಯಾರಿಗೆ ಅನ್ನೋದನ್ನು ತಾನು ಹೇಳುತ್ತೇನೆ.

ಇನ್ನು ನಿಮ್ಮ ಮನೆ ಮೀಟಿಂಗಿಗೆ ಉಪಯೋಗವಾಗೋ ಒಂದೆರಡು ವಿಷಯ ಹೇಳಿಬಿಡ್ತೀನಿ. ಝೂಮ್‌ನಲ್ಲಿ ಮೇಲೆ ಬಲಗಡೆ ವ್ಯೂ ಅಂತಿದೆ, ಅಲ್ಲಿ ಗ್ಯಾಲರಿ ಆರಿಸಿಕೊಂಡರೆ ಎಲ್ಲರೂ ಒಂದೇ ಅಳತೆಯ ಚೌಕಗಳಲ್ಲಿ ಕಾಣ್ತಾರೆ. ಕಂಪ್ಯೂಟರಿನಲ್ಲಿ ಒಂದು ಪುಟಕ್ಕೆ ಇಪ್ಪತ್ತೈದು, ಯಂತ್ರಕ್ಕೆ ಶಕ್ತಿ ಇದ್ದರೆ ಸೆಟ್ಟಿಂಗ್ಸ್‌ನಲ್ಲಿ ನಲವತ್ತೊಂಬತ್ತರ ತನಕ. ಚೌಕಗಳನ್ನು ಮೌಸಿನಲ್ಲಿ ಎಳೆದು ಬೇಕಾದ ಜಾಗದಲ್ಲಿ ಕೂರಿಸಬಹುದು. ಹೋಸ್ಟ್ ಆದವರು ತಾವು ಜೋಡಿಸಿದ ಕ್ರಮವನ್ನೇ ಎಲ್ಲರಿಗೂ ಕಾಣೋ ಹಾಗೆ ಮಾಡೋ ಆಯ್ಕೆಯೂ ಅದೇ ವ್ಯೂ ಒಳಗಿದೆ. ವಿಡಿಯೋ ಇಲ್ಲದವರನ್ನು ಅಡಗಿಸೋ ಸೌಲಭ್ಯವೊಂದಿದೆ ನೋಡಿ, ಅದನ್ನು ಮನೆ ಮೀಟಿಂಗಿನಲ್ಲಿ ದಯವಿಟ್ಟು ಮುಟ್ಟಬೇಡಿ. ನಮ್ಮೂರ ಕಡೆ ನೆಟ್‌ವರ್ಕ್ ಸಾಲದೆ ವಿಡಿಯೋ ನಿಲ್ಲಿಸಿ ಬರೀ ದನಿಯಲ್ಲಿ ಕೂತವರು ಪರದೆಯಿಂದಲೇ ಮಾಯವಾಗ್ತಾರೆ. ಅವರು ಇಲ್ಲ ಅಂದುಕೊಂಡು ಅವರ ಬಗ್ಗೆಯೇ ಮಾತು ಶುರುವಾದರೆ.. ಯೋಚನೆ ಮಾಡಿ!

ಟೀಮ್ಸ್‌ನದು ಬೇರೆ ಕಥೆ. 2020ರ ಶುರುವಿನಲ್ಲಿ ಅದು ಒಟ್ಟಿಗೆ ತೋರಿಸ್ತಿದ್ದದ್ದು ನಾಲ್ಕೇ ಮುಖ. ಜನ ಗಲಾಟೆ ಮಾಡಿದ ಮೇಲೆ ಒಂಬತ್ತಾಯಿತು, ಆಮೇಲೆ ನಲವತ್ತೊಂಬತ್ತು. ಆ ವರ್ಷದ ಜುಲೈನಲ್ಲಿ ಎಲ್ಲರನ್ನೂ ಸಭಾಂಗಣದ ಕುರ್ಚಿಗಳಲ್ಲಿ ಕೂರಿಸಿದ ಹಾಗೆ ತೋರಿಸೋ ಟುಗೆದರ್ ಮೋಡ್ ಕೂಡ ತಂದರು. ನನಗಂತೂ ಅದು ಯಕ್ಷಗಾನದ ಟೆಂಟಿನಲ್ಲಿ ಮುಂದಿನ ಸಾಲು ಹಿಡಿದ ಹಾಗೆ ಕಾಣುತ್ತೆ.

ನಿಮ್ಮದೇ ಮುಖವನ್ನು ನಿಮ್ಮ ಪರದೆಯಿಂದ ತೆಗೆದುಹಾಕೋ ಆಯ್ಕೆಯೂ ಇದೆ. ಸ್ಟ್ಯಾನ್‌ಫೋರ್ಡಿನ ಜೆರೆಮಿ ಬೈಲೆನ್ಸನ್ 2021ರಲ್ಲಿ ವಿಡಿಯೋ ಮೀಟಿಂಗ್ ಯಾಕೆ ಸುಸ್ತು ಮಾಡುತ್ತೆ ಅಂತ ಬರೆದಾಗ ಕೊಟ್ಟ ಕಾರಣಗಳಲ್ಲಿ ಇಡೀ ಹೊತ್ತು ನಮ್ಮ ಮುಖವನ್ನು ನಾವೇ ನೋಡ್ತಾ ಕೂರೋದೂ ಒಂದು. ನಾನು ತೆಗೆದುಹಾಕಿದ್ದೇನೆ. ಆ ಜಾಗದಲ್ಲಿ, ಕ್ಯಾಮೆರಾದ ಸರಿ ಕೆಳಗೆ, ಈಗ ಅಮ್ಮಮ್ಮನ ಚೌಕ. ಹಾಗಿಟ್ಟರೆ ಅವರನ್ನು ನೋಡುವಾಗ ನನ್ನ ಕಣ್ಣು ಕ್ಯಾಮೆರಾ ಕಡೆಗೇ ಇರುತ್ತೆ, ಅವರಿಗೂ ನಾನು ಮುಖ ನೋಡಿ ಮಾತಾಡ್ತಿದ್ದೀನಿ ಅನ್ನಿಸುತ್ತೆ.

ಮುಂದಿನ ಮೀಟಿಂಗ್ ಈ ಭಾನುವಾರ. ತೋಟ ಯಾರಿಗೆ ಅನ್ನೋದು ಇನ್ನೂ ತೀರ್ಮಾನ ಆಗಿಲ್ಲ, ಸಣ್ಣ ಮಾವನಿಗೆ ಸ್ವಲ್ಪ ಸಿಟ್ಟೂ ಇದೆ. ಪಿಯುಸಿ ಹುಡುಗಿಗೆ ಪರೀಕ್ಷೆ ಹತ್ತಿರ ಬಂತು, ರಾತ್ರಿ ಬರೋಕಾಗಲ್ಲವಂತೆ. ಅದಕ್ಕೆ ಅಮ್ಮಮ್ಮನೇ ಫೋನ್ ಒರಗಿಸೋದು ಕಲೀತಿದ್ದಾರೆ. ನಿನ್ನೆ ಅಭ್ಯಾಸಕ್ಕೆ ಅಂತ ಕರೆ ಮಾಡಿದಾಗ ಹಣೆಯಿಂದ ಗಲ್ಲದ ತನಕ ಪೂರ್ತಿ ಮುಖ ಕಂಡಿತು, ಆದರೆ ಅಡ್ಡಡ್ಡ.