ಟೆಂಡರ್ ಆದ್ಮೇಲೆ ಅಭಿಪ್ರಾಯ ಕೇಳಿದ್ರೆ ಏನಂತ ಹೇಳೋದು?

ಭಾಗ 1

ಮೊದಲನೇ ಫೋಟೋದಲ್ಲಿರೋದು ನಮ್ಮಜ್ಜಿ ಒಣಗಿಸೋಕೆ ಹಾಕಿರೋ ಮೀನು. ಜಾಗ ಅಂಕೋಲಾ ಹತ್ರ, ಅಮ್ಮನ ತವರು. ಎರಡನೇ ಫೋಟೋ ಬಾಗಲಗುಂಟೆ, ನಮ್ಮ ಮನೆ ಟೆರೇಸ್‌ನಿಂದ ತೆಗೆದದ್ದು. ಎರಡಕ್ಕೂ ಏನು ಸಂಬಂಧ ಅಂತ ಕೇಳ್ಬೇಡಿ, ಹೇಳ್ತೀನಿ. ಕ್ಯಾಪ್ಶನ್ ಉದ್ದ ಇದೆ, ಬಸ್ಸಲ್ಲಿ ಕೂತಿದ್ರೆ ಓದಿ.

2025ರ ಆಗಸ್ಟ್. ನನಗೆ ಇಂಟರ್ನಲ್ಸ್ ನಡೀತಿತ್ತು. ರಾತ್ರಿ ಅಜ್ಜಿ ಫೋನ್ ಮಾಡಿದ್ರು. ಕೇಣಿ ಬಂದರಿನ ಬಗ್ಗೆ ಅಂಕೋಲಾದಲ್ಲಿ ಸಾರ್ವಜನಿಕ ಅಹವಾಲು ಸಭೆ ಇದೆ, ಊರವರೆಲ್ಲ ಹೋಗ್ತಿದ್ದೀವಿ ಅಂದ್ರು. ಬಂದರಿನ ಪರಿಸರ ವರದಿಯ ಪಿಡಿಎಫ್ ಮಾವ ನನಗೆ ವಾಟ್ಸಾಪಲ್ಲಿ ಮೊದಲೇ ಕಳಿಸಿದ್ರು. ಇಂಗ್ಲಿಷಲ್ಲಿ, ನೂರಾರು ಪುಟ. "ಅದ್ರಲ್ಲಿ ನಮ್ಮ ಕೇರಿ ಬಗ್ಗೆ ಏನ್ ಬರ್ದಿದ್ದಾರೆ ಓದಿ ಹೇಳ್ತೀಯಾ ಮಗಾ?" ಅಂತ ಅಜ್ಜಿ ಕೇಳಿದ್ರು.

"ಅಜ್ಜಿ, ಎಲ್ಲಾ ಮೊದಲೇ ಡಿಸೈಡ್ ಆಗಿರುತ್ತೆ. ಸುಮ್ನೆ ಬಿಸಿಲಲ್ಲಿ ಯಾಕೆ ಹೋಗ್ತೀರ?" ಅಂದೆ.

ಆಗಸ್ಟಲ್ಲಿ ಅಂಕೋಲಾದಲ್ಲಿ ಬಿಸಿಲು ಎಲ್ಲಿ ಬರ್ಬೇಕು, ಮಳೆ. ಅದೂ ನನಗೆ ನೆನಪಿರಲಿಲ್ಲ. ಅಜ್ಜಿ ಹೋದ್ರು. ಸಾವಿರಾರು ಜನ ಸೇರಿದ್ರು ಅಂತ ಮಾರನೇ ದಿನ ಸುದ್ದಿ ನೋಡಿದೆ. ಮೀನುಗಾರ ಹೆಂಗಸರೇ ಮುಂದೆ ನಿಂತಿದ್ರು. ನಾನು ಕಾಸ್ಟ್ ಅಕೌಂಟಿಂಗ್ ಓದ್ತಾ ಕೂತಿದ್ದೆ.

ಭಾಗ 2

ನಾನು ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. ಅದೇ ಬೇಜಾರು. ಕೇಣಿ ಬಂದರನ್ನ ಖಾಸಗಿ ಕಂಪನಿಗೆ ಕೊಡೋ ತೀರ್ಮಾನ ಆಗಿದ್ದು 2023ರ ನವೆಂಬರಲ್ಲಿ. ಮೊತ್ತ 4,119 ಕೋಟಿ ರೂಪಾಯಿ. ಜನರ ಅಹವಾಲು ಕೇಳಿದ್ದು 2025ರ ಆಗಸ್ಟಲ್ಲಿ, ಅಂದ್ರೆ 21 ತಿಂಗಳಾದ್ಮೇಲೆ. ಕಾನೂನು ಪ್ರಕಾರ ಇದ್ರಲ್ಲಿ ತಪ್ಪು ಹುಡುಕೋಕಾಗಲ್ಲ. ಪರಿಸರ ಅನುಮತಿಗೆ ಮುಂಚೆ ಸಭೆ ಆಗ್ಬೇಕು ಅಂತಷ್ಟೇ ಇರೋದು, ಟೆಂಡರಿಗೆ ಮುಂಚೆ ಅಂತಿಲ್ಲ. ಆದ್ರೆ ಮದುವೆ ಛತ್ರ ಬುಕ್ ಮಾಡಿ, ಪತ್ರಿಕೆ ಹಂಚಿ, ಆಮೇಲೆ ಹುಡುಗಿ ಹತ್ರ ಹೋಗಿ ಒಪ್ಪಿಗೆ ಇದ್ಯಾ ಅಂತ ಕೇಳಿದ ಹಾಗೆ ಇದು.

ಆ ಸಭೆಯ ನಿಯಮ ಏನು ಅಂತ ನಾನು ಓದಿದ್ದು ಎಲ್ಲ ಮುಗಿದ್ಮೇಲೆ. 2006ರ ಇಐಎ ಅಧಿಸೂಚನೆಯಲ್ಲಿದೆ. ಕನಿಷ್ಠ 30 ದಿನ ಮೊದಲು ನೋಟಿಸ್ ಕೊಡ್ಬೇಕು, ಸ್ಥಳೀಯ ಭಾಷೆಯ ಪೇಪರಲ್ಲೂ ಹಾಕಿಸ್ಬೇಕು. ಜಿಲ್ಲಾಧಿಕಾರಿ ಅಥವಾ ಅವರ ಪರವಾಗಿ ಹಿರಿಯ ಅಧಿಕಾರಿ ಕೂರ್ಬೇಕು. ಪೂರ್ತಿ ವಿಡಿಯೋ ಆಗ್ಬೇಕು. ಕೊನೆಗೆ ಜನ ಹೇಳಿದ್ದನ್ನೆಲ್ಲ ಸ್ಥಳೀಯ ಭಾಷೆಯಲ್ಲೇ ಓದಿ ಹೇಳ್ಬೇಕು. ಬರೋಕಾಗದವರು ಬರೆದೂ ಕಳಿಸ್ಬಹುದು. ಅಂದ್ರೆ ನಾನು ಬಾಗಲಗುಂಟೆಯಲ್ಲೇ ಕೂತು ಒಂದು ಪುಟ ಬರೆದು ಕಳಿಸ್ಬಹುದಿತ್ತು ಗುರು. ಯಾರೂ ಬೇಡ ಅಂತಿರಲಿಲ್ಲ.

ಇನ್ನೊಂದು ವಿಷಯ. ಕನ್ನಡದಲ್ಲಿ ಕೊಡ್ಲೇಬೇಕು ಅಂತಿರೋದು ವರದಿಯ ಸಾರಾಂಶ ಮಾತ್ರ. ಪೂರ್ತಿ ವರದಿ ಇಂಗ್ಲಿಷಲ್ಲಿದ್ರೂ ನಡೆಯುತ್ತೆ. ಯಾರ ಮನೆ ಮುಂದೆ ಕೆಲಸ ನಡೆಯುತ್ತೋ ಅವರಿಗೆ ಸಾರಾಂಶ, ದೆಹಲಿಯಲ್ಲಿ ಕೂತವರಿಗೆ ಪೂರ್ತಿ ಪುಸ್ತಕ.

ಭಾಗ 3

ಈಗ ಮನೆ ವಿಷಯ. ಕೆಲವು ವರ್ಷದ ಹಿಂದೆ ಮಾವ ಹಿಂದುಗಡೆ ಒಂದು ಕೋಣೆ ಎಬ್ಬಿಸ್ಬೇಕು ಅಂತ ಹೋದಾಗ "ಸಿಆರ್‌ಝಡ್ ಬರುತ್ತೆ" ಅಂದ್ರಂತೆ. ಹಂಗಂದ್ರೆ ಕರಾವಳಿ ನಿಯಂತ್ರಣ ವಲಯ. 1991ರಲ್ಲಿ ಮೊದಲು ಬಂತು, 2011ರಲ್ಲಿ ಬದಲಾಯ್ತು, 2019ರಲ್ಲಿ ಮತ್ತೆ ಬದಲಾಯ್ತು. ಉಬ್ಬರದ ಗೆರೆಯಿಂದ 500 ಮೀಟರ್ ವರೆಗೆ ಇದರ ಹಿಡಿತ. ಹಳ್ಳಿ ಕಡೆ ಮೊದಲ 200 ಮೀಟರ್ ಕಟ್ಟಬಾರದ ಜಾಗ. ಮೀನುಗಾರರ ಮನೆಗೆ ಮಾತ್ರ 100ರಿಂದ 200 ಮೀಟರ್ ಒಳಗೆ ಅವಕಾಶ ಇದೆ. 2019ರಲ್ಲಿ, ಜನಸಂಖ್ಯೆ ಚದರ ಕಿಲೋಮೀಟರಿಗೆ 2,161ಕ್ಕಿಂತ ಜಾಸ್ತಿ ಇದ್ರೆ ಆ 200 ಮೀಟರನ್ನ 50ಕ್ಕೆ ಇಳಿಸಿದ್ರು.

ಈ ನಿಯಮ ಬೇಡ ಅಂತ ನಾನು ಹೇಳ್ತಿಲ್ಲ. ಇದು ಇಲ್ದಿದ್ರೆ ದಂಡೆ ತುಂಬಾ ರೆಸಾರ್ಟ್ ಏಳ್ತಿತ್ತು, ಅಜ್ಜಿ ಮೀನು ಒಣಗಿಸೋಕೆ ಮರಳೂ ಸಿಗ್ತಿರಲಿಲ್ಲ. ನನ್ನ ತಕರಾರು ಬೇರೆ. ಬಂದರಿಗೆ ನೀರಿನ ಅಂಚೇ ಬೇಕು, ಹಾಗಾಗಿ ಅನುಮತಿ ಪಡೆದು ಕಟ್ಟಬಹುದು ಅಂತ ಅದೇ ನಿಯಮದಲ್ಲಿದೆ. ಮೀನುಗಾರರಿಗೂ ನೀರಿನ ಅಂಚೇ ಬೇಕಲ್ವಾ? ಮಾವನ ಕೋಣೆಗೆ ಮೀಟರ್ ಟೇಪ್ ಹಿಡಿಯೋ ಕಾಗದ, ಬಂದರಿಗೆ ದಾರಿ ತೋರಿಸುತ್ತೆ.

ಮತ್ತೆ ಆ ಕಡೆ ಜನಕ್ಕೆ ಇದು ಮೊದಲ ಸಲ ಅಲ್ಲ. 1986ರಲ್ಲಿ ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಬಿತ್ತು. ಕಾರವಾರ, ಅಂಕೋಲಾ ಕಡೆಯ ಸಾವಿರಾರು ಕುಟುಂಬ ಮನೆ ಬಿಟ್ಟು ಎದ್ದವು. ಪರಿಹಾರಕ್ಕೆ ದಶಕಗಟ್ಟಲೆ ಕೋರ್ಟು ಅಲೆದ್ರು. ಅಲ್ಲಿ "ಸೀಬರ್ಡ್ ನಿರಾಶ್ರಿತರು" ಅಂದ್ರೆ ಜಾತಿ ಹೆಸರು ಹೇಳಿದಷ್ಟು ಸಹಜ. ಹೊನ್ನಾವರದ ಕಾಸರಕೋಡ ಟೊಂಕದಲ್ಲೂ ಬಂದರು ಬೇಡ ಅಂತ ಮೀನುಗಾರರು ವರ್ಷಗಳಿಂದ ಹೋರಾಡ್ತಿದ್ದಾರೆ, ಅದು ಕಡಲಾಮೆ ಮೊಟ್ಟೆ ಇಡೋ ದಂಡೆ. ಹಾಗಾಗಿ "ಈ ಸಲ ಹಂಗೆಲ್ಲ ಆಗಲ್ಲ" ಅಂತ ಯಾರು ಹೇಳಿದ್ರೂ ಅಲ್ಲಿ ನಂಬೋದು ಕಷ್ಟ. (1930ರಲ್ಲಿ ಉಪ್ಪಿನ ಸತ್ಯಾಗ್ರಹ ಮಾಡಿದ ಅಂಕೋಲಾ ಇದೇ. ಹೈಸ್ಕೂಲಲ್ಲಿ ಎರಡು ಮಾರ್ಕಿಗೆ ಬರೆದು ಮರೆತಿದ್ದೆ.)

ಭಾಗ 4

"ಬಂದರು ಬಂದ್ರೆ ಕೆಲಸ ಸಿಗುತ್ತಲ್ಲ" ಅಂತ ಕ್ಲಾಸಲ್ಲಿ ಒಬ್ಬ ಹೇಳ್ದ. ನಿಜ, ಅದಕ್ಕೆ ನನ್ನ ಹತ್ರ ರೆಡಿ ಉತ್ತರ ಇಲ್ಲ. ಅಪ್ಪ ಪೀಣ್ಯಕ್ಕೆ ಬಂದಿದ್ದೇ ಊರಲ್ಲಿ ಕೆಲಸ ಇಲ್ಲದೆ. ಆದ್ರೆ ಬಿಕಾಂ ಓದೋರು ನಾವು, ಲೆಕ್ಕನಾದ್ರೂ ಸರಿಯಾಗಿ ಕೇಳೋಣ. 4,119 ಕೋಟಿ ಒಂದು ಕಾಲಂನಲ್ಲಿದೆ. ಅಜ್ಜಿ ಒಣಮೀನು ಮಾರಿ ಅಮ್ಮನ್ನ ಪಿಯುಸಿ ಓದಿಸಿದ್ದು ಯಾವ ಕಾಲಂನಲ್ಲಿದೆ? ಅದಕ್ಕೆ ಬಿಲ್ ಇಲ್ಲ, ಜಿಎಸ್‌ಟಿ ನಂಬರ್ ಇಲ್ಲ. ಬಿಲ್ ಇಲ್ಲದ ಆದಾಯ ವರದಿ ಬರೆಯೋರಿಗೆ ಕಾಣಬೇಕಾದ್ರೆ ಆ ಹೆಂಗಸರೇ ಮೈಕ್ ಹಿಡಿದು ಹೇಳ್ಬೇಕು. ಸಭೆ ಇರೋದು ಅದಕ್ಕೇ. ಅಂಥ ಸಭೆಗೇ ಹೋಗ್ಬೇಡಿ ಅಂತ ನಾನು ಹೇಳಿದ್ದು.

ಭಾಗ 5

ಎರಡನೇ ಫೋಟೋ. ಬಾಗಲಗುಂಟೆ ಹೆಸರಲ್ಲೇ ಕುಂಟೆ ಇದೆ, ಅಂದ್ರೆ ಚಿಕ್ಕ ಕೆರೆ. ನಮ್ಮದು 20-30 ಸೈಟು, ಬಿ ಖಾತಾ, ಹತ್ರದಲ್ಲೇ ರಾಜಕಾಲುವೆ. ನಮಗೂ ಒಂದು ಸಿಆರ್‌ಝಡ್ ಇದೆ, ಬಫರ್ ಝೋನ್ ಅಂತ. ಕೆರೆಗೆ 30 ಮೀಟರ್ ಇತ್ತು. 2016ರಲ್ಲಿ ಹಸಿರು ನ್ಯಾಯಮಂಡಳಿ 75 ಅಂತು. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನ ತೆಗೆದುಹಾಕ್ತು. 2025ರ ಆಗಸ್ಟಲ್ಲಿ, ಅಜ್ಜಿ ಸಭೆಗೆ ಹೋದ ಅದೇ ತಿಂಗಳು, ಕೆರೆ ಗಾತ್ರ ನೋಡಿ ಬಫರ್ ಕಡಿಮೆ ಮಾಡೋ ಮಸೂದೆಗೆ ವಿಧಾನಮಂಡಲ ಒಪ್ಪಿಗೆ ಕೊಡ್ತು.

ಅದರ ಬಗ್ಗೆ ನಮ್ಮ ರಸ್ತೆಯಲ್ಲಿ ಯಾರಾದ್ರೂ ಮಾತಾಡಿದ್ರಾ? ಇಲ್ಲ. ಮೀಟರ್ ಕಡಿಮೆ ಆದ್ರೆ ನಮ್ಮಂಥ ಮನೆಗೆ ಒಳ್ಳೇದು ಅನ್ಸುತ್ತೆ, ಆದ್ರೆ ಜೋರು ಮಳೆ ಬಂದಾಗ ನೀರು ನುಗ್ಗೋದೂ ನಮ್ಮಂಥ ಮನೆಗೇ. ಮಾತಾಡೋಕೆ ಎರಡೂ ಕಡೆ ಕಾರಣ ಇತ್ತು.

ಬಿಬಿಎಂಪಿ ಕೌನ್ಸಿಲ್ ಅವಧಿ ಮುಗಿದಿದ್ದು 2020ರ ಸೆಪ್ಟೆಂಬರಲ್ಲಿ. ಆಮೇಲೆ ನಾನು ಹೈಸ್ಕೂಲಿಂದ ಡಿಗ್ರಿಗೆ ಬಂದೆ, ವಾರ್ಡಿಗೆ ಕಾರ್ಪೊರೇಟರ್ ಬರಲಿಲ್ಲ. 2025ರ ಸೆಪ್ಟೆಂಬರ್ ಕೊನೆಗೆ ಹೊಸ ಪಾಲಿಕೆಗಳ ವಾರ್ಡ್ ಕರಡು ಪಟ್ಟಿ ಬಂತು, ಆಕ್ಷೇಪಣೆ ಇದ್ರೆ ಕೊಡಿ ಅಂತ ಸುಮಾರು ಎರಡು ವಾರ ಟೈಮ್ ಕೊಟ್ರು. ನಮ್ಮನೆ ಯಾವ ವಾರ್ಡಿಗೆ ಹೋಯ್ತು ಅಂತ ಅಪ್ಪನ್ನ ಕೇಳಿದೆ. "ಯಾವುದಾದ್ರೇನು, ನೀರು ಬಂದ್ರೆ ಸಾಕು" ಅಂದ್ರು. ಥೇಟ್ ನಾನು ಅಜ್ಜಿಗೆ ಹೇಳಿದ ಧಾಟಿ. ಆ ಉಡಾಫೆ ಎಲ್ಲಿಂದ ಬಂತು ಅಂತ ಆಗ ಗೊತ್ತಾಯ್ತು. ಅಪ್ಪ ಇದನ್ನ ಓದ್ತಿದ್ರೆ, ಸಾರಿ.

ಹೇಳಬೇಕಾಗಿರೋದು ಇಷ್ಟೇ. ಟೆಂಡರಿಗೆ ಮುಂಚೆನೇ ಜನರನ್ನ ಕೇಳ್ಬೇಕು, ಪೂರ್ತಿ ವರದಿ ಕನ್ನಡದಲ್ಲಿ ಕೊಡ್ಬೇಕು ಅಂತ ನಾವು ಕೇಳ್ಬೇಕು. ಅದಾಗೋ ತನಕ, ತಡವಾಗಿ ಕರೆದ್ರೂ ಹೋಗ್ಬೇಕು, ಯಾಕಂದ್ರೆ ದಾಖಲೆಯಲ್ಲಿ ಉಳಿಯೋದು ಅಲ್ಲಿ ಹೇಳಿದ್ದು ಮಾತ್ರ. ನನ್ನ ಸ್ಟೋರಿಗೆ ಬಂದ ಲೈಕು ಯಾವ ಫೈಲಿಗೂ ಹೋಗಲ್ಲ.

ಈಗ ಭಾನುವಾರ ಭಾನುವಾರ ಆ ಪಿಡಿಎಫ್ ತೆಗೆದು ಅಜ್ಜಿಗೆ ಫೋನಲ್ಲಿ ಕನ್ನಡ ಮಾಡಿ ಹೇಳ್ತೀನಿ. ಅರ್ಧ ನನಗೇ ಅರ್ಥ ಆಗಲ್ಲ. ಅಜ್ಜಿ ಪ್ರತಿ ಸಲ ಕೇಳೋದು ಒಂದೇ, "ಒಣಮೀನಿನ ಸುದ್ದಿ ಬಂತಾ?" ಇನ್ನೂ ಆ ಪುಟಕ್ಕೆ ಬಂದಿಲ್ಲ.

ನಿಮ್ಮ ರಸ್ತೆ ಈಗ ಯಾವ ವಾರ್ಡಲ್ಲಿದೆ? ಗೊತ್ತಿದ್ರೆ ಕಾಮೆಂಟ್ ಹಾಕಿ. ಗೂಗಲ್ ಮಾಡ್ದೆ.

#ಬಾಗಲಗುಂಟೆ #ಅಂಕೋಲಾ #ಕೇಣಿ #ಬಿಕಾಂ_ಡೈರಿ