ಮೊದಲು ವರ್ಗ, ಆಮೇಲೆ ಬೈಕು

ಡ್ರ್ಯಾಗ್ ಓಟದ ಹುಚ್ಚು ಹತ್ತಿದ ಹುಡುಗರು ಮೊದಲು ಮಾಡುವ ಕೆಲಸ ಬೈಕು ಹುಡುಕುವುದು. ನಿಯಮದ ಪುಸ್ತಕ ತೆರೆಯುವುದು ಹಣ ಕೊಟ್ಟಾದ ಮೇಲೆ. ಬೆಂಗಳೂರಿನಲ್ಲಿ ಈ ಹುಡುಕಾಟ ಬಹುಪಾಲು ಎರಡು ಹೆಸರುಗಳ ಸುತ್ತ ಗಿರಕಿ ಹೊಡೆಯುತ್ತದೆ: ರಾಜದೂತ್ 350 ಮತ್ತು ಯಮಾಹಾ ಆರ್‌ಎಕ್ಸ್ 100. ಮೊದಲನೆಯದು 1983ರಲ್ಲಿ ಎಸ್ಕಾರ್ಟ್ಸ್ ಕಂಪನಿ ತಂದ ಜೋಡಿ ಸಿಲಿಂಡರಿನ ದೈತ್ಯ. ಎರಡನೆಯದು 1985ರಲ್ಲಿ ಬಂದು 1996ರಲ್ಲಿ ತಯಾರಿಕೆ ನಿಂತ 98 ಸಿಸಿಯ ಹಗುರ ಬೈಕು. ಚೆನ್ನಾಗಿ ದುರಸ್ತಿಯಾದ ಆರ್‌ಎಕ್ಸ್‌ಗೆ ಈಗ ಲಕ್ಷ ದಾಟಿದ ಬೆಲೆ ಹೇಳುತ್ತಾರೆ, ಅಷ್ಟು ಕೊಡುವವರೂ ಇದ್ದಾರೆ. ಆದರೆ ಆ ಬೆಲೆಯಲ್ಲಿ ದೊಡ್ಡ ಪಾಲು ನೆನಪಿಗೆ ತೆರುವ ದುಡ್ಡು. ಓಟದ ಗೆರೆಯ ಮೇಲೆ ನಿಂತಾಗ ನೆನಪಿನಿಂದ ಅರ್ಧ ಸೆಕೆಂಡೂ ಉಳಿಯುವುದಿಲ್ಲ. ವರ್ಗ ಹಿಡಿದು ಓಡುವವನು ಮೊದಲು ಆರಿಸಬೇಕಾದದ್ದು ವರ್ಗವನ್ನು. ಬೈಕು ಯಾವುದೆಂದು ಆ ವರ್ಗವೇ ಹೇಳುತ್ತದೆ.

ಈ ಲೆಕ್ಕವನ್ನು ಅಮೆರಿಕದವರು ಅರ್ಧ ಶತಮಾನಕ್ಕೂ ಹಿಂದೆಯೇ ಅರಗಿಸಿಕೊಂಡರು. 1951ರಲ್ಲಿ ಹುಟ್ಟಿದ ಅಲ್ಲಿನ ಡ್ರ್ಯಾಗ್ ಓಟದ ಸಂಸ್ಥೆ ಎನ್‌ಎಚ್‌ಆರ್‌ಎ ಕಾರ್ಖಾನೆ ಕಾರುಗಳನ್ನು ವರ್ಗಗಳಾಗಿ ಒಡೆದದ್ದು ತೂಕವನ್ನು ಅಶ್ವಶಕ್ತಿಯಿಂದ ಭಾಗಿಸಿ. ಹಾಗಾಗಿ ಅಲ್ಲಿ ಗೆಲ್ಲಲು ಅತಿ ಬಲಶಾಲಿ ಕಾರೇ ಬೇಕೆಂದಿರಲಿಲ್ಲ, ಕಾಗದದ ಮೇಲೆ ಬಲ ಕಡಿಮೆ ತೋರಿಸಿ ರಸ್ತೆಯ ಮೇಲೆ ಹೆಚ್ಚು ಕೊಡುವ ಕಾರು ಸಾಕಿತ್ತು. 1968ರಲ್ಲಿ ಫೋರ್ಡ್ ತನ್ನ 428 ಕೋಬ್ರಾ ಜೆಟ್ ಎಂಜಿನ್‌ಗೆ 335 ಅಶ್ವಶಕ್ತಿ ಎಂದು ಬರೆಯಿತು. ನಿಜವಾದ ಬಲ ಅದಕ್ಕಿಂತ ಎಷ್ಟೋ ಹೆಚ್ಚೆಂಬುದು ಗ್ಯಾರೇಜಿನವರಿಗೆಲ್ಲ ಗೊತ್ತಿದ್ದ ಗುಟ್ಟು. ಅದೇ ವರ್ಷ ಪೊಮೋನಾದ ಚಳಿಗಾಲದ ಕೂಟದಲ್ಲಿ ಸೂಪರ್ ಸ್ಟಾಕ್ ಪ್ರಶಸ್ತಿಯನ್ನು ಆ ಎಂಜಿನ್ ಹೊತ್ತ ಮಸ್ಟಾಂಗ್ ಒಯ್ದಿತು. ಸಂಸ್ಥೆಯವರೂ ಸುಮ್ಮನೆ ಕೂರಲಿಲ್ಲ. ಕಂಪನಿ ಹೇಳಿದ ಅಂಕಿ ಬಿಟ್ಟು ಓಟದ ಸಮಯ ನೋಡಿ ತಾವೇ ಬಲ ನಿಗದಿ ಮಾಡಿ ಪಟ್ಟಿ ಕೊಡತೊಡಗಿದರು. ಅಂದಿನಿಂದ ಅಲ್ಲಿ ಮಸಲ್ ಕಾರು ಆರಿಸುವ ಜಾಣ ಶೋರೂಮಿನ ಪೋಸ್ಟರಿಗಿಂತ ಆ ಪಟ್ಟಿಯನ್ನೇ ಹೆಚ್ಚು ಓದುತ್ತಾನೆ.

ನಮ್ಮಲ್ಲಿ ಅಳತೆಗೋಲು ಬೇರೆ. ರಾಷ್ಟ್ರೀಯ ಡ್ರ್ಯಾಗ್ ಚಾಂಪಿಯನ್‌ಷಿಪ್ ನಡೆಯುವುದು ದೇಶದ ಮೋಟಾರು ಕ್ರೀಡಾ ಸಂಸ್ಥೆ ಎಫ್‌ಎಂಎಸ್‌ಸಿಐ ಮಾನ್ಯತೆಯಲ್ಲಿ, ಚೆನ್ನೈ ಬಳಿಯ ಇರುಂಗಾಟುಕೋಟೈ ಟ್ರ್ಯಾಕಿನ 302 ಮೀಟರ್ ನೇರದಲ್ಲಿ. ಬೆಂಗಳೂರಿನ ಹೇಮಂತ್ ಮುದ್ದಪ್ಪ ಸಾವಿರ ಸಿಸಿ ದಾಟಿದ ಸೂಪರ್‌ಬೈಕುಗಳಲ್ಲಿ ಮತ್ತೆ ಮತ್ತೆ ಚಾಂಪಿಯನ್ ಆದದ್ದು ಇಲ್ಲೇ. ಅದು ಹಣವಂತರ ಲೋಕ. ಸಾಮಾನ್ಯ ಗ್ಯಾರೇಜಿನ ಹುಡುಗನಿಗೆ ದಕ್ಕುವುದು ಟೂ-ಸ್ಟ್ರೋಕ್ ವರ್ಗಗಳು, ಅವುಗಳ ಗಡಿ 130 ಸಿಸಿ, 165 ಸಿಸಿ. ಇಲ್ಲಿ ವರ್ಗ ಗೊತ್ತುಮಾಡುವುದು ಎಂಜಿನ್ನಿನ ಗಾತ್ರ, ಬಲವನ್ನು ತೂಕದ ಜೊತೆ ಯಾರೂ ಭಾಗಿಸುವುದಿಲ್ಲ. ಅಂದಮೇಲೆ ಹಗುರವಾಗಿರುವುದು ಪುಕ್ಕಟೆ ಸಿಕ್ಕ ಲಾಭ. ಸುಮಾರು 103 ಕಿಲೋ ತೂಗುವ, ರೀಡ್ ವಾಲ್ವ್ ಇರುವ, 11 ಅಶ್ವಶಕ್ತಿಯ ಆರ್‌ಎಕ್ಸ್ ಈ ವರ್ಗಗಳಲ್ಲಿ ಬೇರೂರಿದ್ದು ಹೀಗೆ. ಪಿಕಪ್ ಪಿಕಪ್ ಎಂದು ಹೊಗಳುವವರು ಹೊಗಳುತ್ತಿರುವುದು ಅರ್ಧಕ್ಕರ್ಧ ಅದರ ತೂಕವನ್ನೇ.

ರಾಜದೂತ್ 350ರ ಭಕ್ತರು ಇದಕ್ಕೆ ಒಪ್ಪುವುದಿಲ್ಲ, ಅವರ ವಾದ ಪೊಳ್ಳೂ ಅಲ್ಲ. ಅದರ ಹೈ ಟಾರ್ಕ್ ಮಾದರಿ 30 ಅಶ್ವಶಕ್ತಿ ಕೊಡುತ್ತದೆ, ತೂಕ ಒಂದೂವರೆ ಕ್ವಿಂಟಲ್ ಆಸುಪಾಸು. ಕಿಲೋ ಲೆಕ್ಕದಲ್ಲಿ ಆರ್‌ಎಕ್ಸ್‌ಗಿಂತ ಹೆಚ್ಚುಕಡಿಮೆ ಇಮ್ಮಡಿ ಬಲ. ಇಬ್ಬರನ್ನೂ ಒಂದೇ ಗೆರೆಯಲ್ಲಿ ನಿಲ್ಲಿಸಿದರೆ ಯಾರು ಮುಂದೆ ಎಂದು ಕೇಳುವ ಅಗತ್ಯವೇ ಇಲ್ಲ. ಆದರೆ ವರ್ಗದ ಓಟದಲ್ಲಿ ಇಬ್ಬರೂ ಒಂದೇ ಗೆರೆಯಲ್ಲಿ ನಿಲ್ಲುವುದಿಲ್ಲ. ಕುಸ್ತಿಯಲ್ಲಿ ಅರವತ್ತು ಕಿಲೋದ ಪೈಲ್ವಾನನಿಗೆ ತೊಂಬತ್ತರವನ ಬಲ ಎಷ್ಟಿದ್ದರೇನು? ರಾಜದೂತ್ ತೆಗೆದುಕೊಂಡರೆ ಓಡಬೇಕಾದದ್ದು ಮೇಲಿನ ವರ್ಗದಲ್ಲಿ, ಎದುರಾಳಿ ಹೊಸ ಕಾಲದ ಬೈಕು. ಜೊತೆಗೆ ಎಲ್ಲವೂ ಎರಡೆರಡು: ಎರಡು ಸಿಲಿಂಡರ್, ಎರಡು ಪಿಸ್ಟನ್, ಎರಡು ಕಾರ್ಬುರೇಟರ್. ಓಟದ ಎಂಜಿನ್ ಸೀಜ್ ಆಗುವುದು ಅಪರೂಪವಲ್ಲ. ಆಗ ಜೆ.ಸಿ. ರಸ್ತೆಯ ಅಂಗಡಿಯಲ್ಲಿ ಸಲೀಸಾಗಿ ಸಿಗುವ ಸಾಮಾನಿರುವ ಬೈಕೇ ಮುಂದಿನ ವಾರದ ಓಟಕ್ಕೆ ಬರುತ್ತದೆ.

ಇನ್ನೊಂದು ಆಕ್ಷೇಪ ನನಗೂ ಹತ್ತಿರದ್ದು. ತಯಾರಿಕೆ ನಿಂತ ಬೈಕುಗಳನ್ನು ಕೊಯ್ದು, ಪೋರ್ಟಿಂಗ್ ಮಾಡಿ, ಸೈಲೆನ್ಸರ್ ಕಿತ್ತು ಓಡಿಸಿದರೆ ಮುಂದಿನವರಿಗೆ ಉಳಿಯುವುದೇನು? ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದ ಮೇಲೆ ಅಲ್ಲಿನ ಯೆಜ್ಡಿಗಳೂ ಹೀಗೆ ಕೈಕಾಲು ಕಳೆದುಕೊಂಡದ್ದುಂಟು. ಆದರೆ ಈ ಆಕ್ಷೇಪ ನನ್ನ ವಾದಕ್ಕೇ ಬಲ ಕೊಡುತ್ತದೆ. ಹೆಸರು ನೋಡಿ ಕೊಳ್ಳುವವನು ಕಂಪನಿ ಬಣ್ಣ ಉಳಿದಿರುವ ಗಟ್ಟಿ ಬೈಕನ್ನೇ ಕೊಯ್ಯುತ್ತಾನೆ. ವರ್ಗ ನೋಡಿ ಕೊಳ್ಳುವವನಿಗೆ ಟ್ಯಾಂಕು ಬದಲಾದ, ಆಗಲೇ ಯಾರೋ ಕೆಡಿಸಿಟ್ಟ ಬೈಕು ಸಾಕು. ಚಾಸಿಸ್ ನಂಬರು ಆರ್‌ಸಿ ಜೊತೆ ತಾಳೆಯಾದರೆ ಆಯಿತು. ಅದನ್ನು ಮಾತ್ರ ನೋಡಲೇಬೇಕು, ಕಳ್ಳರಿಗೂ ಆರ್‌ಎಕ್ಸ್ ಬಲು ಪ್ರಿಯ.

ಇದೆಲ್ಲ ರಸ್ತೆಯಲ್ಲಿ ವ್ಹೀಲಿ ಹೊಡೆಯುವವರಿಗೆ ಕುಮ್ಮಕ್ಕು ಎನ್ನುವವರಿಗೂ ಉತ್ತರ ಕೊಡಬೇಕು. ಸಾರ್ವಜನಿಕ ರಸ್ತೆಯಲ್ಲಿ ಪೈಪೋಟಿಗೆ ಓಡಿಸುವುದು ಮೋಟಾರು ವಾಹನ ಕಾಯ್ದೆಯ 189ನೇ ಕಲಮಿನ ಪ್ರಕಾರ ಅಪರಾಧ. ಮೊದಲ ಸಲಕ್ಕೇ ಮೂರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಎರಡೂ ಆಗಬಹುದು. ಅದು ಸರಿಯೇ. ರಸ್ತೆಯಲ್ಲಿ ಎಂಜಿನ್ ಬಿಚ್ಚಿ ಸಿಸಿ ಅಳೆಯುವ ಪರಿಶೀಲಕನಿಲ್ಲ, ಸಮಯ ಹಿಡಿಯುವ ದೀಪವಿಲ್ಲ, ಹಾಗಾಗಿ ಅಲ್ಲಿ ವರ್ಗವೆಂಬುದೇ ಇಲ್ಲ. ವರ್ಗದ ಲೆಕ್ಕ ತಲೆಗೆ ಹತ್ತಿದವನಿಗೆ ರಸ್ತೆಯ ಗೆಲುವು ರುಚಿಸುವುದು ಕಷ್ಟ.

ಹಾಗಾದರೆ ಯಾವುದು? ಬಜೆಟ್ ಚಿಕ್ಕದಿದ್ದರೆ 130ರ ವರ್ಗ, ಅದಕ್ಕೆ ಆರ್‌ಎಕ್ಸ್ 100. ಆರ್‌ಎಕ್ಸ್ 135 ನಿಜದಲ್ಲಿ 132 ಸಿಸಿ, ಎರಡೇ ಸಿಸಿಯಿಂದ ಆ ಗಡಿ ದಾಟಿಬಿಡುತ್ತದೆ. ಅದನ್ನು ಕೊಂಡವನು ಬೋರ್ ಮಾಡಿಸಿ 165ರ ವರ್ಗಕ್ಕೇ ಹೋಗಬೇಕು, ಹೋಗುವುದಾದರೆ ಐದು ಗೇರಿನದನ್ನೇ ಹುಡುಕಬೇಕು. ತಿದ್ದಿದ ಟೂ-ಸ್ಟ್ರೋಕ್ ಬಲ ಕೊಡುವುದು ಕಿರಿದಾದ ಆರ್‌ಪಿಎಂ ಪಟ್ಟಿಯೊಳಗೆ. ಒತ್ತೊತ್ತಾದ ಗೇರುಗಳಿದ್ದರೆ ಪ್ರತಿ ಬದಲಾವಣೆಯ ನಂತರವೂ ಎಂಜಿನ್ ಆ ಪಟ್ಟಿಯೊಳಗೇ ಇರುತ್ತದೆ.